ಮೊದಲು ತಣ್ಣೀರು

ಹಲ್ಲುಜ್ಜುವಾಗಲೇ ಹೇಳಿ ಮುಗಿಸಿಬಿಡಬೇಕು ಎಂದುಕೊಂಡಿದ್ದ. ಬಾಯಿ ತುಂಬ ನೊರೆಯಿದ್ದರೆ ಮಾತು ಚಿಕ್ಕದಾಗುತ್ತದೆ, ಮಾತು ಚಿಕ್ಕದಾದರೆ ತಪ್ಪೂ ಚಿಕ್ಕದಾಗಿ ಕೇಳಿಸುತ್ತದೆ ಎಂಬ ಲೆಕ್ಕಾಚಾರವೂ ಅದರ ಹಿಂದೆ ಇತ್ತು. ಆದರೆ ಹೆಂಡತಿ ಪಕ್ಕದಲ್ಲಿ ಬಂದು ನಿಂತು, ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಳ್ಳುವ ಬದಲು ಅವನ ಮುಖ ನೋಡಿ, "ರಾತ್ರಿ ಮತ್ತೆ ನಿದ್ದೆ ಮಾಡಿಲ್ಲ ಅಲ್ವಾ ನೀವು?" ಎಂದುಬಿಟ್ಟಳು. ಅವನು ನೊರೆ ಉಗುಳಿದ. ಹೇಳಬೇಕಾದ್ದೂ ನೊರೆಯ ಜೊತೆಗೇ ತೂಬಿನಲ್ಲಿ ಇಳಿದು ಹೋದ ಹಾಗಾಯಿತು. ಇರಲಿ, ಇನ್ನೂ ಹೊತ್ತಿದೆ, ಫಲಿತಾಂಶ ಹಚ್ಚುವುದು ಮಧ್ಯಾಹ್ನ ಊಟವಾದ ಮೇಲೆ, ಅಲ್ಲಿಯತನಕ ಹೇಳಿದರೆ ಸಾಕು. ಸಾಕು ಎಂದರೆ, ಅಲ್ಲಿಯತನಕ ಹೇಳಿದರೆ ಮಾತ್ರ ಅದಕ್ಕೊಂದು ಬೆಲೆ. ಬೋರ್ಡಿಗೆ ಹಾಳೆ ಅಂಟಿಸಿದ ಮೇಲೆ ಹೇಳಿ ಏನು ಬಂತು? ಅವಳು ಪಾಸಾಗಿದ್ದರೆ, ಹೋಗ್ಲಿ ಬಿಡಿ ಅಂದುಬಿಡುತ್ತಾಳೆ. ಫೇಲಾಗಿದ್ದರೆ ಗಾಯದ ಮೇಲೆ ಬರೆ ಎಳೆದಂತಾಗುತ್ತದೆ, ಹೇಳದಿರುವುದೇ ಒಳ್ಳೆಯದು ಎಂದು ತಾನೇ ತನಗೆ ತೀರ್ಪು ಕೊಟ್ಟುಕೊಳ್ಳಬಹುದು. ಎರಡರಲ್ಲೂ ಅವನು ಬಚಾವು. ಹೀಗೆ ಬಚಾವಾಗುವುದು ಅಸಹ್ಯ ಅನ್ನಿಸುತ್ತಿತ್ತು, ಅನ್ನಿಸಿದರೂ ಕಾಲು ಆ ಕಡೆಗೇ ಎಳೆಯುತ್ತಿತ್ತು.

ಗಂಡ ಹೆಂಡತಿ ಇಬ್ಬರೂ ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ ಬಟ್ಟೆ ಮಡಿಸುವವರು. ಈ ಸಲ ಇಬ್ಬರೂ ಒಟ್ಟಿಗೆ ಸೂಪರ್‌ವೈಸರ್ ಪರೀಕ್ಷೆಗೆ ಕೂತಿದ್ದರು. ಅವನಿಗೆ ಇದು ಮೂರನೆಯ ಸಲ, ಅವಳಿಗೆ ಮೊದಲನೆಯದು. ಅವಳನ್ನು ಕೂರಿಸಿದವನೂ ಅವನೇ. "ಸುಮ್ನೆ ನೀನೂ ಒಂದು ಅರ್ಜಿ ಹಾಕೇ, ನಂಗೂ ಜೊತೆ ಆಗುತ್ತೆ" ಎಂದಿದ್ದ. ಜೊತೆ ಎಂದರೆ ಏನು ಎಂಬುದು ಅವಳಿಗೆ ಗೊತ್ತಿರಲಿಲ್ಲ, ಅವನಿಗೂ ಆಮೇಲೆಯೇ ಗೊತ್ತಾದದ್ದು. ಎರಡು ಸಲ ಒಬ್ಬನೇ ಫೇಲಾಗಿ, ಒಬ್ಬನೇ ಬಸ್ಸು ಹತ್ತಿ, ಒಬ್ಬನೇ ಬಾಗಿಲು ತಟ್ಟಿದ್ದ. ಪಕ್ಕದಲ್ಲಿ ಇನ್ನೊಬ್ಬರು ಫೇಲಾಗುವವರಿದ್ದರೆ ಬಾಗಿಲು ತಟ್ಟುವುದು ಇಷ್ಟು ಕಷ್ಟವಾಗಲಾರದು ಎಂದು ಮನಸ್ಸಿನ ಯಾವುದೋ ಮೂಲೆ ಹೊಂಚು ಹಾಕಿತ್ತು. ಅವಳು ಮಾತ್ರ ಆ ಹೊಂಚಿನ ಸುಳಿವೇ ಇಲ್ಲದೆ ಗೈಡು ಬಿಚ್ಚಿ ಕೂತಳು. ಒಲೆಯ ಮೇಲೆ ಹಾಲಿಟ್ಟು ಓದಿದಳು, ಹಾಲು ಉಕ್ಕಿಸಿ ಓದಿದಳು. ಸಂಶಯ ಬಂದದ್ದಕ್ಕೆಲ್ಲ ಅವನನ್ನೇ ಕೇಳಿದಳು. ಒಂದು ವರ್ಷ ಕಾಲೇಜಿನ ಮೆಟ್ಟಿಲು ಹತ್ತಿಳಿದವನು ಎಂಬ ಕಾರಣಕ್ಕೆ ಲಾಂಡ್ರಿಯಲ್ಲಿ ಎಲ್ಲರೂ ಅವನನ್ನು ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಕರೆದೂ ಕರೆದೂ ಅವನಿಗೂ ಅದು ತನ್ನ ಹೆಸರೇ ಆಗಿಹೋಗಿತ್ತು. ಮೇಷ್ಟ್ರು ಅಂದರೆ ಗೊತ್ತಿಲ್ಲ ಎನ್ನುವ ಹಾಗಿಲ್ಲ.

ಅಡುಗೆಮನೆಯಲ್ಲಿ ಮಗಳು ಸ್ಕೂಲಿನ ಚೀಲ ಬೆನ್ನಿಗೇರಿಸಿಕೊಂಡೇ ತಿಂಡಿ ತಿನ್ನುತ್ತಿದ್ದಳು. "ಅಪ್ಪಾ, ನೀನು ಫೇಲಾದ್ರೆ ನಾನೇನೂ ಬೈಯಲ್ಲ" ಎಂದಳು, ತಟ್ಟೆಯಿಂದ ತಲೆ ಎತ್ತದೆ. ಹೆಂಡತಿ ಅವಳ ತಲೆಗೆ ಮೆತ್ತಗೆ ಮೊಟಕಿದಳು. ಹೋದ ತಿಂಗಳು ಇದೇ ಹುಡುಗಿ ಗಣಿತದಲ್ಲಿ ಕಡಿಮೆ ಅಂಕ ತಂದಾಗ ಅವನು ಮನೆಯ ಸೂರು ಹಾರಿಹೋಗುವ ಹಾಗೆ ಕೂಗಾಡಿದ್ದ. ಅದರ ಸೇಡು ಇದಲ್ಲ, ಅವಳು ನಿಜವಾಗಿಯೂ ಸಮಾಧಾನ ಹೇಳುತ್ತಿದ್ದಾಳೆ ಎಂಬುದು ಅವಳ ಮುಖದಲ್ಲೇ ಇತ್ತು, ಅದಕ್ಕೇ ಹೆಚ್ಚು ತಾಗಿತು. "ಅಮ್ಮ ಫೇಲಾದ್ರೆ?" ಎಂದು ಅವನು ಕೇಳಿದ, ತಮಾಷೆಗೆಂಬಂತೆ. "ಅಮ್ಮ ಆಗಲ್ಲ" ಎಂದಳು ಮಗಳು. ಎರಡೇ ಮಾತು, ಲೋಟ ಎತ್ತಿ ನೀರು ಕುಡಿದು ಹೊರಟೇಹೋದಳು. ಹೆಂಡತಿ ನಕ್ಕು, "ಅವಳ ಮಾತು ಬಿಡಿ, ನನಗಂತೂ ಆ ತಣ್ಣೀರು ಬಿಸಿನೀರಿನ ಪ್ರಶ್ನೇದೇ ಹೆದರಿಕೆ. ಎಷ್ಟು ಅಂಕ ಹೋಗಿರಬಹುದು ಅಂತೀರಿ?" ಎಂದಳು. ದಿನವೂ ಕೇಳುವ ಪ್ರಶ್ನೆ. ಅವನೂ ದಿನವೂ ಹೇಳುವ ಉತ್ತರವನ್ನೇ ಹೇಳಿದ. "ಒಂದು ಪ್ರಶ್ನೆಗೆ ಯಾರೂ ಮುಳುಗಲ್ಲ ಕಣೇ. ಉಳಿದದ್ದು ಚೆನ್ನಾಗಿ ಬರೆದಿದ್ದೀಯಲ್ಲ, ಧೈರ್ಯವಾಗಿರು." ಹೇಳುವಾಗ ದನಿ ತಾನಾಗಿ ಮೃದುವಾಯಿತು. ಅವಳು ತಲೆಯಾಡಿಸಿದಳು. ಅವನ ಒಳಗಿನ ಹೆದರಿಕೆ ಒಂದು ಗಳಿಗೆ ತಣ್ಣಗಾಯಿತು. ಹೀಗೆ ತಣ್ಣಗಾಗುವುದು ಅವನಿಗೆ ಅಭ್ಯಾಸವಾಗಿಬಿಟ್ಟಿತ್ತು.

ಬಸ್ಸಿನಲ್ಲಿ ಸೀಟು ಸಿಕ್ಕಿತು, ಕಿಟಕಿಯ ಪಕ್ಕ ಅವಳು, ಅಂಚಿಗೆ ಅವನು. ಎರಡು ತಿಂಗಳ ಹಿಂದೆ ಪರೀಕ್ಷೆಯ ದಿನವೂ ಹೀಗೇ ಕೂತಿದ್ದರು. ಪರೀಕ್ಷೆ ಮುಗಿಸಿ ಹೊರಗೆ ಬಂದು ಅವಳು ಜಾತ್ರೆಗೆ ಹೊರಟ ಹುಡುಗಿಯ ಹಾಗೆ ಮಾತಾಡುತ್ತಿದ್ದಳು. ಅದು ಬಂದಿತ್ತು, ಇದು ಬಂದಿತ್ತು, ಇದನ್ನು ಹೀಗೆ ಬರೆದೆ. ಮಾತಾಡುತ್ತ ಮಾತಾಡುತ್ತ ಆ ಪ್ರಶ್ನೆಗೆ ಬಂದಳು. ಸೋಂಕು ವಾರ್ಡಿನಿಂದ ಬಂದ, ರಕ್ತದ ಕಲೆಯೂ ಇರುವ ಬೆಡ್‌ಶೀಟನ್ನು ಮೊದಲು ಯಾವ ನೀರಿಗೆ ಹಾಕಬೇಕು? "ಮೊದಲು ತಣ್ಣೀರು, ಆಮೇಲೆ ಬಿಸಿನೀರು ಅಂತ ಬರೆದೆ ರೀ" ಎಂದಳು. ಅವನು ಬಿಸಿನೀರು ಎಂದು ಬರೆದಿದ್ದ. ಬರೆಯುವಾಗ ಕ್ಷಣ ಕೂಡ ಅನುಮಾನ ಬಂದಿರಲಿಲ್ಲ. ಗೈಡಿನ ಆ ಪುಟವನ್ನು ಅವನು ಓದಿಯೇ ಇರಲಿಲ್ಲ, ಲಾಂಡ್ರಿಯಲ್ಲೇ ಕೂದಲು ನರೆತವನಿಗೆ ಬಟ್ಟೆ ತೊಳೆಯುವ ಪಾಠ ಯಾಕೆ ಎಂದು ಹಾರಿಸಿದ್ದ. ಈಗ ಅವಳ ಬಾಯಲ್ಲಿ ತಣ್ಣೀರು ಎಂಬ ಮಾತು ಕೇಳಿದ ತಕ್ಷಣ ಒಳಗೆ ಏನೋ ಧಸಕ್ಕೆಂದಿತು, ಆ ಧಸಕ್ಕನ್ನು ಮುಚ್ಚಲು ಬಾಯಿ ತಾನೇ ತೆರೆದುಕೊಂಡಿತು. "ಅಲ್ವೇ, ಸೋಂಕು ಮುಖ್ಯಾನೋ ಕಲೆ ಮುಖ್ಯಾನೋ? ಕಲೆ ಇದ್ರೆ ಬಟ್ಟೆ ಹಾಳು, ಸೋಂಕು ಇದ್ರೆ ಮನುಷ್ಯ ಹಾಳು. ಮೊದಲು ಯಾವುದನ್ನ ಕೊಲ್ಬೇಕು ಹೇಳು?" ಎದುರು ಸೀಟಿನ ಮುದುಕರೊಬ್ಬರು ತಿರುಗಿ ನೋಡಿ, ಹೌದಲ್ಲ ಎಂಬಂತೆ ತಲೆದೂಗಿದರು. ವಾದ ಎಷ್ಟು ಚೆನ್ನಾಗಿ ಬಂತೆಂದರೆ ಅವನಿಗೇ ನಂಬಿಕೆ ಬಂದುಬಿಟ್ಟಿತು. ಅವಳ ಮುಖ ಸಪ್ಪಗಾಯಿತು. ಕಿಟಕಿಯ ಕಡೆ ತಿರುಗಿ, "ಹೌದು ಅಲ್ವಾ, ನನಗೆ ಹೊಳೀಲೇ ಇಲ್ಲ" ಎಂದಳು. ಅಲ್ಲಿಂದ ಮನೆಯತನಕ ಅವನು ಅವಳ ಕೈ ಹಿಡಿದುಕೊಂಡು ಕೂತಿದ್ದ. ಎಷ್ಟೋ ವರ್ಷಗಳ ಮೇಲೆ ಬಸ್ಸಿನಲ್ಲಿ ಅವಳ ಕೈ ಹಿಡಿದದ್ದು.

ಮಾರನೆಯ ದಿನವೇ ಗೊತ್ತಾಯಿತು. ತೊಳೆಯುವ ವಿಭಾಗದ ಹಿರಿಯ ಒಬ್ಬನಿದ್ದಾನೆ, ಸೋಪುಮಾವ ಅಂತಲೇ ಎಲ್ಲರೂ ಕರೆಯುವುದು. ಟೀ ಕುಡಿಯುತ್ತ ಬೇರೆ ಯಾರದೋ ಮಾತೆಂಬಂತೆ ಇವನು ಅವನ ಹತ್ತಿರ ವಿಷಯ ತೆಗೆದ. ಸೋಪುಮಾವ ಬಿಸ್ಕತ್ತು ಅದ್ದುತ್ತ, "ಮೊದಲು ತಣ್ಣೀರು ಮೇಷ್ಟ್ರೇ. ಬಿಸಿ ಹಾಕಿದ್ರೆ ರಕ್ತ ಅಲ್ಲೇ ಕೂತುಬಿಡುತ್ತೆ, ಆಮೇಲೆ ಯಾರಪ್ಪ ಬಂದ್ರೂ ಏಳಲ್ಲ. ಕೊಳೆ ಕೂತಲ್ಲಿ ಸೋಂಕೂ ಕೂತಿರುತ್ತೆ. ಗೈಡಲ್ಲೇ ಇದೆಯಲ್ಲ" ಎಂದ. ಬಿಸ್ಕತ್ತು ತುಂಡಾಗಿ ಟೀಯೊಳಗೆ ಬಿತ್ತು, ಸೋಪುಮಾವ ಅದನ್ನು ಬೆರಳಲ್ಲಿ ಹಿಡಿಯಲು ಒದ್ದಾಡಿದ, ಇವನು ಆ ಒದ್ದಾಟ ನೋಡಿ ನಕ್ಕ. ನಗುವಾಗಲೇ ತಾನು ಇದನ್ನು ಅವಳಿಗೆ ಹೇಳುವುದಿಲ್ಲ ಎಂಬುದೂ ಗೊತ್ತಾಗಿಹೋಯಿತು. ಇವತ್ತು ಬೇಡ ಎಂದಷ್ಟೇ ಅಂದುಕೊಂಡದ್ದು. ಇವತ್ತು ಬೇಡ ಎಂಬುದಕ್ಕೆ ನಾಳೆಯೂ ನಾಡಿದ್ದೂ ಸುಲಭವಾಗಿ ಸೇರಿಕೊಂಡವು. ಸಂಜೆ ಅವಳು ತರಕಾರಿ ಹೆಚ್ಚುತ್ತ ಕೈ ನಿಲ್ಲಿಸಿ ಆ ಪ್ರಶ್ನೆಯ ಮಾತೆತ್ತಿದಾಗ ಅವನು ಹತ್ತಿರ ಕೂತು ಸಮಾಧಾನ ಹೇಳಿದ. ಹೇಳಿದಂತೆಲ್ಲ ತನ್ನ ಎದೆಯ ಮೇಲಿನ ಕಲ್ಲು ಇಷ್ಟಿಷ್ಟೇ ಹಗುರವಾಗುವುದು ಅವನಿಗೆ ತಿಳಿಯಿತು. ಅವನು ಹೆದರುತ್ತಿದ್ದದ್ದು ಫೇಲಾಗುವುದಕ್ಕಲ್ಲ, ಅದರ ರುಚಿ ಎರಡು ಸಲ ಕಂಡಿದ್ದ. ಅವಳು ಪಾಸಾಗಿ ತಾನು ಫೇಲಾಗುವುದಕ್ಕೆ. ಅವಳು ಮೇಲಿನ ಮಹಡಿಯ ಉಗ್ರಾಣದಲ್ಲಿ ಫ್ಯಾನಿನ ಕೆಳಗೆ ಕುರ್ಚಿ ಹಾಕಿಕೊಂಡು ಕೂತು, ಅವನು ಕೆಳಗೆ ಹಬೆಯಲ್ಲಿ ನಿಂತು ಮಡಿಸಿದ ಬೆಡ್‌ಶೀಟುಗಳನ್ನು ಒಪ್ಪಿಸಲು ಹೋಗುವುದಕ್ಕೆ. ಅವಳು ಭಯಪಟ್ಟಷ್ಟು ಹೊತ್ತು ಅದು ನಡೆಯಲಾರದು ಅನ್ನಿಸುತ್ತಿತ್ತು. ಹಾಗಾಗಿ ಅವಳನ್ನು ಸಮಾಧಾನ ಮಾಡಿದ, ಆದರೆ ಪೂರ್ತಿ ಸಮಾಧಾನವಾಗುವಷ್ಟು ಮಾಡಲಿಲ್ಲ. ಬೆಳಿಗ್ಗೆ ತಾನೇ ಟೀ ಮಾಡಿ ಕೊಟ್ಟ, ತಲೆನೋವು ಎಂದರೆ ಹಣೆ ಒತ್ತಿದ. ಒಂದು ದಿನ ಅವಳು ಫೋನಿನಲ್ಲಿ ತನ್ನ ತಂಗಿಯ ಹತ್ತಿರ, "ಇವರಿಲ್ದಿದ್ರೆ ಈ ಎರಡು ತಿಂಗಳಲ್ಲಿ ನನಗೆ ಹುಚ್ಚೇ ಹಿಡೀತಿತ್ತು ಕಣೇ" ಎನ್ನುವುದು ಬಚ್ಚಲಲ್ಲಿದ್ದ ಅವನಿಗೆ ಕೇಳಿಸಿತು. ಮೈ ಒರೆಸಿಕೊಳ್ಳುವುದನ್ನು ನಿಲ್ಲಿಸಿ ಅಲ್ಲೇ ನಿಂತ. ಮದುವೆಯಾದಂದಿನಿಂದ ತಾನು ಇಷ್ಟು ಒಳ್ಳೆಯ ಗಂಡನಾಗಿದ್ದದ್ದು ಇದೇ ಮೊದಲು ಎಂಬುದು ಹೊಳೆದು ನಾಚಿಕೆಯಾಯಿತು.

ಬರೆಯುವ ಪರೀಕ್ಷೆ ಮುಗಿದು ಕೆಲವು ವಾರಕ್ಕೆ ಇಂಟರ್‌ವ್ಯೂ ಇತ್ತು. ಆ ದಿನವನ್ನು ಅವನು ನೆನೆಯುವುದಿಲ್ಲ. ಮನಸ್ಸು ಅಲ್ಲಿಗೆ ಬಂದಾಗೆಲ್ಲ ನೀರು ಚೆಲ್ಲಿದ ಮೆಟ್ಟಿಲು ದಾಟುವ ಹಾಗೆ ಅದನ್ನು ಬಿಟ್ಟು ಮುಂದಕ್ಕೆ ಕಾಲಿಡುತ್ತದೆ. ಉದ್ದ ಬೆಂಚು, ಬಣ್ಣ ಹೋದ ಬಾಗಿಲು, ಒಳಗಿನಿಂದ ಕುರ್ಚಿ ಎಳೆಯುವ ಸದ್ದು. ಮೊದಲು ಅವಳನ್ನು ಕರೆದರು, ಆಮೇಲೆ ಅವನನ್ನು. ಹೊರಬಂದ ಮೇಲೆ ಏನೇನು ಕೇಳಿದರು ಎಂದು ಅವಳು ಕೇಳಿದ್ದಕ್ಕೆ, "ಏನೋ ರಜದ ವಿಷಯ, ಸೋಪಿನ ವಿಷಯ" ಎಂದಿದ್ದ. ನಿನ್ನನ್ನ ಏನು ಕೇಳಿದರು ಎಂದು ಅವನು ಕೇಳಲಿಲ್ಲ. ಈಗ ಬಸ್ಸು ಆಸ್ಪತ್ರೆಯ ತಿರುವಿನಲ್ಲಿ ಬ್ರೇಕು ಹಾಕಿತು. ಅವಳು ಕಿಟಕಿಯ ಸರಳು ಹಿಡಿದು ಎದ್ದಳು. ಈಗ ಹೇಳಿಬಿಡು, ಇಳಿಯುವ ಗಲಾಟೆಯಲ್ಲಿ ಅರ್ಧ ಕೇಳಿಸಿ ಅರ್ಧ ಕೇಳಿಸದ ಹಾಗೆ ಹೇಳಿಬಿಡು ಎಂದು ಯಾರೋ ಅಂದ ಹಾಗಾಯಿತು. ಕಂಡಕ್ಟರು ಶಿಳ್ಳೆ ಹಾಕಿದ. ಇಬ್ಬರೂ ಇಳಿದರು.

ಲಾಂಡ್ರಿಯಲ್ಲಿ ಮಡಿಸುವ ಕೆಲಸಕ್ಕೆ ಜೋಡಿ ಬೇಕು. ಒಬ್ಬರು ನಿಲ್ಲುವವರು, ಇನ್ನೊಬ್ಬರು ನಡೆಯುವವರು. ಇಬ್ಬರೂ ಎರಡೆರಡು ಮೂಲೆ ಹಿಡಿದು ಬೆಡ್‌ಶೀಟನ್ನು ಎಳೆದು ಒದರಬೇಕು, ಉದ್ದಕ್ಕೆ ಒಮ್ಮೆ ಮಡಿಸಬೇಕು, ಆಮೇಲೆ ನಡೆಯುವವರು ನಡೆದುಬಂದು ತಮ್ಮ ಮೂಲೆಗಳನ್ನು ನಿಲ್ಲುವವರ ಕೈಗೆ ಕೊಟ್ಟು, ಬಗ್ಗಿ ಕೆಳಗಿನ ಮಡಿಕೆ ಎತ್ತಿಕೊಳ್ಳಬೇಕು. ಹಳಬರು ನಿಲ್ಲುವುದು, ಹೊಸಬರು ನಡೆಯುವುದು. ಅವಳು ಸೇರಿದ ದಿನ ಹೊಸಬಳಾಗಿದ್ದಳು, ಅಂದಿನಿಂದಲೂ ನಡೆಯುತ್ತಲೇ ಇದ್ದಾಳೆ. ಸಂಜೆ ಮಂಡಿ ನೋವು ಎಂದು ಕೂತಾಗ ಅವನಿಗೆ ಇದು ಎಷ್ಟೋ ಸಲ ತೋಚಿದೆ, ನಾಳೆಯಿಂದ ನಾನು ನಡೀತೀನಿ ಅನ್ನಬೇಕು ಎಂದು. ಬೆಳಗಾದರೆ ಕಾಲು ತನ್ನ ಜಾಗದಲ್ಲೇ ಹೋಗಿ ನಿಲ್ಲುತ್ತಿತ್ತು. ಮಡಿಸುವಾಗ ಮಾತು ಬೇಕಿಲ್ಲ, ಬಟ್ಟೆಯೇ ಮಾತಾಡುತ್ತದೆ. ಒಂದು ಚೂರು ಎಳೆದರೆ ನಿನ್ನ ಅಂಚು ಕೆಳಗಿದೆ ಅಂತ, ಸಡಿಲ ಬಿಟ್ಟರೆ ತಡಿ ಅಂತ. ಈ ದಿನ ಬಟ್ಟೆ ಅಡ್ಡಾದಿಡ್ಡಿ ಮಾತಾಡುತ್ತಿತ್ತು. ಅವಳ ಮೂಲೆ ಅವನ ಮೂಲೆಗೆ ಕೂಡುತ್ತಿರಲಿಲ್ಲ.

"ಏನ್ರೀ ಮೇಷ್ಟ್ರೇ, ಮಡಿಸ್ತಿದ್ದೀರೋ ಮುದುರ್ತಿದ್ದೀರೋ?" ಎಂದು ಕೂಗಿದಳು ಇಸ್ತ್ರಿಯಕ್ಕ. ದೊಡ್ಡ ಇಸ್ತ್ರಿ ಯಂತ್ರದ ಬಾಯಿಗೆ ಬಟ್ಟೆ ಕೊಡುವವಳು ಅವಳು, ಯಂತ್ರದ ಸದ್ದಿನ ಮೇಲೆ ಕೂಗಿ ಕೂಗಿ ಮನೆಯಲ್ಲೂ ಗುಟ್ಟು ಹೇಳಲು ಬಾರದವಳು. "ನಾಳೆಯಿಂದ ನೀವಿಬ್ರೂ ಸಾಹೇಬ್ರು. ಇವತ್ತಾದ್ರೂ ಸರಿಯಾಗಿ ಕೆಲಸ ಮಾಡಿ. ಆಮೇಲೆ ನಮ್ಮ ಮೇಲೆ ದರ್ಬಾರು ಮಾಡೋದು ಇದ್ದೇ ಇದೆ." ಸೋಪುಮಾವ ಗಾಡಿ ತಳ್ಳಿಕೊಂಡು ಹೋಗುತ್ತ, "ಇಬ್ರೂ ಅಂತ ಹೇಗೆ ಹೇಳ್ತೀಯಕ್ಕಾ? ಒಬ್ರು ಸಾಹೇಬ್ರಾಗಿ ಒಬ್ರು ಇಲ್ಲೇ ಉಳಿದ್ರೆ ಮನೇಲಿ ಯಾರು ಯಾರಿಗೆ ಸೆಲ್ಯೂಟ್ ಹೊಡೀಬೇಕು?" ಎಂದ. ಎಲ್ಲರೂ ನಕ್ಕರು. ಅವನೂ ನಕ್ಕ, ಎಲ್ಲರಿಗಿಂತ ಒಂದು ಕ್ಷಣ ತಡವಾಗಿ. ಅವಳು ಮಾತ್ರ ನಗದೆ, "ಹಾಗೇನಾದ್ರೂ ಆದ್ರೆ ಇವರೇ ಆಗ್ಲಿ ಮಾವ" ಎಂದಳು. ಅದು ತೋರಿಕೆಯ ಮಾತಲ್ಲ. ತೋರಿಕೆಯ ಮಾತಾಗಿದ್ದರೆ ಅವನು ಅದಕ್ಕೊಂದು ಕೊಂಕು ಹುಡುಕಿ ಹಗುರಾಗುತ್ತಿದ್ದ. ಮುಂದಿನ ಬೆಡ್‌ಶೀಟು ತೆಗೆದುಕೊಂಡರು. ಯಾವುದೋ ವಾರ್ಡಿನದು, ನಡುವೆ ಕಂದು ಬಣ್ಣದ ಕಲೆಯೊಂದು ಭೂಪಟದ ದೇಶದ ಹಾಗೆ ಉಳಿದುಕೊಂಡಿತ್ತು. ಯಾರೋ ಅವಸರದಲ್ಲಿ ಬಿಸಿನೀರು ಹಾಕಿದ್ದಾರೆ. ಅವನು ಅದನ್ನು ನೋಡದವನಂತೆ ಮಡಿಸಿ ಒಳಗೆ ಮಾಡಿದ.

ಊಟದ ಹೊತ್ತಿಗೆ ಅವಳು ಡಬ್ಬಿಯ ಮುಚ್ಚಳ ತೆಗೆದು, ಮತ್ತೆ ಹಾಕಿ, ಮುಖ ತೊಳೆದುಕೊಂಡು ಬರುತ್ತೇನೆ ಎಂದು ಎದ್ದುಹೋದಳು. ಇಸ್ತ್ರಿಯಕ್ಕ ಅವನ ಪಕ್ಕಕ್ಕೆ ಜರುಗಿ, ತನ್ನ ಪ್ರಕಾರ ಪಿಸುಗುಟ್ಟುತ್ತ, "ಅವಳನ್ನ ಸ್ವಲ್ಪ ನೋಡ್ಕೊಳ್ಳಿ ಮೇಷ್ಟ್ರೇ. ಬೆಳಿಗ್ಗೆಯಿಂದ ಮೂರು ಸಲ ಕಣ್ಣೊರೆಸಿಕೊಂಡ್ಲು. ಕೇಳಿದ್ರೆ ಹಬೆ ಅಂತಾಳೆ. ಹಬೆ ನಮಗೇನು ಹೊಸದಾ?" ಎಂದಳು. ಅವನು ಎತ್ತಿದ ತುತ್ತನ್ನು ಡಬ್ಬಿಗೇ ಹಾಕಿದ. ತನ್ನ ಒಂದು ಮಾತಿನಲ್ಲಿ ನಿಂತುಹೋಗಬಹುದಾಗಿದ್ದ ಅಳು ಅದು. ಎರಡು ತಿಂಗಳು ಆ ಮಾತನ್ನು ಬಾಯಲ್ಲಿಟ್ಟುಕೊಂಡು, ಅದರ ಮೇಲೆಯೇ ಟೀ ಕುಡಿದಿದ್ದಾನೆ, ಮಗಳಿಗೆ ಪಾಠ ಹೇಳಿದ್ದಾನೆ. ಅವಳು ಒದ್ದೆ ಮುಖದಲ್ಲಿ ಬಂದು ಕೂತು, ಸೆರಗಿನಿಂದ ಒರೆಸಿಕೊಳ್ಳುತ್ತ, "ತಿಂದ್ರಾ?" ಎಂದು ಅವನನ್ನೇ ಕೇಳಿದಳು.

ಊಟದ ನಂತರದ ಮೊದಲ ಬೆಡ್‌ಶೀಟು ಹೊಸದು, ಇನ್ನೂ ಗಂಜಿ ಬಿಡದೆ ಗರಿಗರಿಯಾಗಿತ್ತು. ಉಳಿದವರು ಇನ್ನೂ ಕೈ ತೊಳೆಯುತ್ತಿದ್ದರು, ಯಂತ್ರ ನಿಂತಿತ್ತು. ನಿಂತ ಯಂತ್ರದಿಂದಾಗಿ ಇಡೀ ಕೋಣೆ ಹಿಂದೆಂದೂ ಇಲ್ಲದಷ್ಟು ದೊಡ್ಡದಾಗಿ ಕಾಣುತ್ತಿತ್ತು. ಎಳೆದು ಒದರಿದರು. ಉದ್ದಕ್ಕೆ ಮಡಿಸಿದರು. ಅವಳು ನಡೆದುಬರಲು ಹೆಜ್ಜೆ ಎತ್ತಿದಾಗ ಅವನು, "ನೋಡೇ, ಆ ಪ್ರಶ್ನೆ ಇದೆಯಲ್ಲ, ನೀನು ಬರೆದಿದ್ದೇ ಸರಿ" ಎಂದ. ತನ್ನ ದನಿ ಯಾರದೋ ದನಿಯ ಹಾಗೆ ಗೋಡೆಗೆ ಬಡಿದು ಬಂತು. "ಮೊದಲು ತಣ್ಣೀರೇ. ನನ್ನದೇ ತಪ್ಪು." ಹೇಳಿಯಾಯಿತು. ಎದೆಯೊಳಗೆ ಏನೋ ಕುಸಿದು ಬೀಳುತ್ತದೆ ಎಂದುಕೊಂಡಿದ್ದ, ಬೀಳಲಿಲ್ಲ. ಅವಳು ಅಲ್ಲೇ ನಿಂತು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು.

"ಅಯ್ಯೋ, ನಿಮಗೂ ಗೊತ್ತಾಗಿಹೋಯ್ತಾ?" ಎಂದಳು. "ಹೇಳ್ಬಾರ್ದು ಹೇಳ್ಬಾರ್ದು ಅಂತ ನಾನು ಎಷ್ಟು ಒದ್ದಾಡಿದ್ದೀನಿ. ನೀವು ಬಿಸಿನೀರು ಅಂತ ಬರೆದಿದ್ದೀರಿ, ಗೊತ್ತಾದ್ರೆ ಆವತ್ತೇ ಊಟ ಬಿಟ್ಟುಬಿಡ್ತೀರಿ ಅಂತ."

ಅವನಿಗೆ ಅರ್ಥವಾಗಲಿಲ್ಲ. "ನಿನಗೆ ಗೊತ್ತಿತ್ತಾ?"

"ಇಂಟರ್‌ವ್ಯೂನಲ್ಲಿ ಅದನ್ನೇ ಕೇಳಿದ್ರು ರೀ. ನೀವು ಹೇಳಿಕೊಟ್ಟಿದ್ದನ್ನೇ ಹೇಳ್ದೆ. ಸೋಂಕು ಮುಖ್ಯಾನೋ ಕಲೆ ಮುಖ್ಯಾನೋ ಅಂತ ನಿಮ್ಮ ಹಾಗೇ ಹೇಳ್ದೆ. ಅಲ್ಲಿ ಕೂತಿದ್ದ ಮೂರೂ ಜನ ನಕ್ಕರು. ಯಾರಮ್ಮಾ ನಿಮಗೆ ಇದನ್ನ ಹೇಳಿಕೊಟ್ಟಿದ್ದು ಅಂತ ಕೇಳಿದ್ರು." ಅವಳು ಬೆಡ್‌ಶೀಟಿನ ಅಂಚನ್ನು ಬೆರಳಲ್ಲಿ ಸವರಿದಳು. "ಹೊರಗೆ ಬೆಂಚಿನ ಮೇಲೆ ನೀವು ಕೂತಿದ್ರಿ, ಮುಂದಿನ ಸರದಿ ನಿಮ್ಮದು. ಯಾರೂ ಇಲ್ಲ ಸಾರ್, ನಾನೇ ತಪ್ಪು ತಿಳ್ಕೊಂಡಿದ್ದೆ ಅಂದೆ."

"ಮತ್ತೆ ದಿನಾ ನನ್ನ ಕೇಳ್ತಿದ್ದೆಯಲ್ಲ, ಎಷ್ಟು ಅಂಕ ಹೋಗುತ್ತೆ ಅಂತ?"

"ನನಗೆ ಧೈರ್ಯ ಹೇಳುವಾಗ ನಿಮಗೂ ಧೈರ್ಯ ಬರ್ತಿತ್ತಲ್ಲ, ಅದಕ್ಕೆ" ಎಂದಳು. "ನಿಮ್ಮ ಮುಖ ನೋಡಕ್ಕಾಗ್ತಿರ್ಲಿಲ್ಲ. ನನ್ನ ಸಮಾಧಾನ ಮಾಡಿದ ಮೇಲೆ ಎರಡು ತುತ್ತು ಜಾಸ್ತಿ ಊಟ ಮಾಡ್ತಿದ್ರಿ."

ಇಲ್ಲಿಗೆ ನಿಲ್ಲಿಸಬಹುದಾಗಿತ್ತು. ನಿಲ್ಲಿಸಿದ್ದರೆ ಇಬ್ಬರೂ ನಕ್ಕು, ಇಬ್ಬರೂ ಪಾಪದವರೇ ಎಂದು ಒಪ್ಪಿಕೊಂಡು, ಅದೇ ಬೆಡ್‌ಶೀಟನ್ನು ಮಡಿಸಿ ಮುಗಿಸಬಹುದಾಗಿತ್ತು. ಅವಳ ಮುಖದಲ್ಲಿ ಆ ದಾರಿ ತೆರೆದೇ ಇತ್ತು, ಅವನ ಕಾಲೂ ಆ ಕಡೆಗೆ ಎದ್ದಿತ್ತು. ಆದರೆ ಅವಳು ಬಟ್ಟೆಯನ್ನು ಹಗುರವಾಗಿ ಎಳೆದು, ಸುಮ್ಮನೆ ಮಾತಿಗೆಂಬಂತೆ, "ನಿಮಗೆ ಯಾವಾಗ ಗೊತ್ತಾಯ್ತು?" ಎಂದಳು. ಬೆಳಿಗ್ಗೆ, ಈಗ ತಾನೇ, ನಿನ್ನೆ ಸೋಪುಮಾವ ಹೇಳಿದ. ಮೂರು ಸುಳ್ಳು ಒಟ್ಟಿಗೆ ನಾಲಿಗೆಯ ತುದಿಗೆ ಬಂದು ನಿಂತವು. ಎಲ್ಲವೂ ಸುಲಭದವು. ಅವಳು ಅಷ್ಟು ನಂಬಿಕೆಯಿಂದ ಕೇಳಿರದಿದ್ದರೆ ಒಂದನ್ನು ಆರಿಸಿಕೊಳ್ಳುತ್ತಿದ್ದ ಎಂದು ಅವನಿಗೆ ಗೊತ್ತು.

"ಪರೀಕ್ಷೆ ಆದ ಮಾರನೇ ದಿನ."

ಅವಳು ಲೆಕ್ಕ ಹಾಕುತ್ತಿರುವುದು ಕಾಣುತ್ತಿತ್ತು, ಮಗಳಿಗೆ ಲೆಕ್ಕ ಹೇಳಿಕೊಡುವಾಗ ಹುಬ್ಬು ಹೀಗೇ ಕೂಡುತ್ತದೆ. "ಅಂದ್ರೆ ಇಂಟರ್‌ವ್ಯೂಗಿಂತ ಮುಂಚೆ" ಎಂದಳು. ಅವನು ತಲೆಯಾಡಿಸಿದ. ಅವಳ ಕಡೆಯ ಬಟ್ಟೆ ಇಳಿಬಿದ್ದಿತ್ತು. ಅವಳು ನಡೆದುಬರುವವಳಲ್ಲ ಎಂದು ತಿಳಿದು, ಅವನೇ ತನ್ನ ಮೂಲೆಗಳನ್ನು ಹಿಡಿದುಕೊಂಡು ನಡೆದುಹೋಗಿ ಅವಳ ಮುಂದೆ ನಿಂತ. ನಿಲ್ಲುವ ಜಾಗದಿಂದ ನಡೆಯುವ ಜಾಗಕ್ಕೆ ಇಷ್ಟು ದೂರವೆಂದು ಗೊತ್ತಿರಲಿಲ್ಲ. ಹತ್ತಿರದಲ್ಲಿ ಅವಳ ಕಣ್ಣಿನ ಕೆಳಗಿನ ಕಪ್ಪು ಕಂಡಿತು, ಕಿವಿಯ ಪಕ್ಕ ತೊಳೆದ ನೀರು ಇನ್ನೂ ಆರಿರಲಿಲ್ಲ.

"ನಿಮ್ಮನ್ನೂ ಅದನ್ನೇ ಕೇಳಿದ್ರಾ ಅಲ್ಲಿ?" ಎಂದಳು, ಬಹಳ ಮೆಲ್ಲಗೆ.

ಕುರ್ಚಿ ಎಳೆಯುವ ಸದ್ದು, ಬಣ್ಣ ಹೋದ ಬಾಗಿಲು. ಒಳಗೆ ಹೋದಾಗ ಮೂವರ ಮುಖದಲ್ಲೂ ಅದೇ ತಾನೇ ನಕ್ಕ ಗುರುತು ಇತ್ತು. ಯಾಕೆ ನಕ್ಕರೆಂದು ಅವನು ಯೋಚಿಸಿರಲಿಲ್ಲ, ಯೋಚಿಸದಿರಲು ಬಹಳ ಕಷ್ಟಪಟ್ಟಿದ್ದ. ನಡುವೆ ಕೂತವರು ಕನ್ನಡಕ ಒರೆಸುತ್ತ, ನೀವಾದ್ರೂ ಹೇಳಿ ನೋಡೋಣ ಎಂದಿದ್ದರು.

"ಕೇಳಿದ್ರು."

"ಏನಂದ್ರಿ?"

"ತಣ್ಣೀರು ಅಂದೆ."

ಅವಳು ಹೂಂ ಎಂದಳು. ಅವನ ಕೈಯಿಂದ ಎರಡು ಮೂಲೆಗಳನ್ನೂ ತೆಗೆದುಕೊಂಡು, ಬೆಡ್‌ಶೀಟನ್ನು ಎದೆಗಾನಿಸಿ ಒಬ್ಬಳೇ ಮಡಿಸತೊಡಗಿದಳು. ಒಬ್ಬರು ಮಡಿಸಿದರೆ ಅಂಚು ಸರಿಬರುವುದಿಲ್ಲ, ಆದರೂ ಮಡಿಸಿ, ಅಂಗೈಯಿಂದ ಒತ್ತಿ, ರಾಶಿಯ ಮೇಲಿಟ್ಟಳು. "ಇಷ್ಟು ದಿನ ನಿಮಗೂ ಗೊತ್ತಿಲ್ಲ ಅಂದ್ಕೊಂಡಿದ್ದೆ" ಎಂದಳು, ರಾಶಿಯ ಕಡೆಗೇ ನೋಡುತ್ತ. "ಪಾಪ ಅಂದ್ಕೊಂಡಿದ್ದೆ." ಬೈದಿದ್ದರೆ ತಡೆದುಕೊಳ್ಳಬಹುದಾಗಿತ್ತು, ಬೈಗುಳಕ್ಕೆ ಬೆನ್ನು ಕೊಟ್ಟು ನಿಲ್ಲುವುದು ಗಂಡಸರಿಗೆಲ್ಲ ಬರುತ್ತದೆ. ಈ ಮಾತಿಗೆ ಏನು ಕೊಟ್ಟು ನಿಲ್ಲಬೇಕೆಂದು ಅವನಿಗೆ ತಿಳಿಯಲಿಲ್ಲ. ತಪ್ಪಾಯಿತು ಎಂದ. ಮತ್ತೊಮ್ಮೆ ಎಂದ. ಅಷ್ಟರಲ್ಲಿ ಯಂತ್ರ ಶುರುವಾಯಿತು, ಎರಡನೆಯದು ಅವಳಿಗೆ ಕೇಳಿಸಿತೋ ಇಲ್ಲವೋ.

ಆಫೀಸಿನ ಗುಮಾಸ್ತ ಬಾಗಿಲಲ್ಲಿ ತಲೆ ಹಾಕಿ, ಹಾಳೆ ಹಚ್ಚಿಯಾಯಿತು, ಬೇಕಾದವರು ಹೋಗಿ ನೋಡಿಕೊಳ್ಳಬಹುದು ಎಂದು ಕೂಗಿ, ಯಾರನ್ನೂ ನೋಡದೆ ಹೊರಟುಹೋದ. ಇಸ್ತ್ರಿಯಕ್ಕ ಯಂತ್ರ ನಿಲ್ಲಿಸಿ, "ಹೋಗಿ ಹೋಗಿ, ಇಬ್ರೂ ಹೋಗಿ, ನಾನು ನೋಡ್ಕೋತೀನಿ" ಎಂದಳು. ಅವನು ಹೆಂಡತಿಯ ಕಡೆ ನೋಡಿದ. ಅವಳು ಇನ್ನೊಂದು ಬೆಡ್‌ಶೀಟಿನ ಮೂಲೆ ಹುಡುಕುತ್ತಿದ್ದಳು. "ನೀವು ನಡೀರಿ" ಎಂದಳು. ಅವನು ಮೆಟ್ಟಿಲು ಹತ್ತಿದ. ಬೆಳಿಗ್ಗೆಯಿಂದ, ಎರಡು ತಿಂಗಳಿಂದ, ಈ ಮೆಟ್ಟಿಲು ಹತ್ತುವುದಕ್ಕೇ ಹೆದರಿದ್ದ. ಕಾಲು ಸುಮ್ಮನೆ ಹತ್ತಿದವು. ಬೋರ್ಡಿನ ಮುಂದೆ ಬೇರೆ ವಿಭಾಗಗಳ ನಾಲ್ಕೈದು ಜನ ಕತ್ತು ಚಾಚಿದ್ದರು, ಒಬ್ಬ ಬೆರಳಿಟ್ಟು ನಂಬರು ಹುಡುಕುತ್ತಿದ್ದ. ಅವರಿಬ್ಬರ ನಂಬರು ಒಂದರ ಪಕ್ಕ ಒಂದು, ಅರ್ಜಿ ಒಟ್ಟಿಗೆ ಹಾಕಿದ್ದಕ್ಕೆ. ತನ್ನದನ್ನು ಬೋರ್ಡಿನಲ್ಲಿ ಹುಡುಕಿದರೆ ಅವಳದೂ ಕಾಣುತ್ತದೆ. ಅವಳದನ್ನು ಅವಳಿಗಿಂತ ಮೊದಲು ತಿಳಿದುಕೊಳ್ಳುವುದಕ್ಕೆ ಅವನಿಗೆ ಇನ್ನು ಮನಸ್ಸು ಬರಲಿಲ್ಲ. ಒಂದು ವಿಷಯ ಅವಳಿಗಿಂತ ಮೊದಲು ತಿಳಿದುಕೊಂಡದ್ದು ಸಾಕಾಗಿತ್ತು. ಬೋರ್ಡಿಗೆ ಬೆನ್ನು ಮಾಡಿ ಗೋಡೆಗೆ ಒರಗಿ ನಿಂತ. ಪರಿಚಯದವನೊಬ್ಬ, "ಏನ್ ಮೇಷ್ಟ್ರೇ, ನೋಡಿದ್ರಾ?" ಎಂದ. "ಇಲ್ಲ, ಅವಳು ಬರ್ಲಿ" ಎಂದ. ಪರಿಚಯದವನು ಅವನನ್ನು ವಿಚಿತ್ರವಾಗಿ ನೋಡಿ ಹೋದ.

ಅವಳು ಬಂದಾಗ ಬೇರೆ ಯಾರೂ ಉಳಿದಿರಲಿಲ್ಲ. ಅವನ ಕಡೆ ನೋಡಲಿಲ್ಲ, ನೇರವಾಗಿ ಬೋರ್ಡಿನ ಮುಂದೆ ನಿಂತು, ಮೇಲಿನಿಂದ ಕೆಳಗೆ ನಿಧಾನವಾಗಿ ಓದಿದಳು. ಇಷ್ಟು ವರ್ಷ ನೋಡಿದ ಮುಖ, ಎಲ್ಲಿ ಏನು ಮೂಡುತ್ತದೆ ಎಂಬುದು ಕಣ್ಣು ಮುಚ್ಚಿಯೂ ಗೊತ್ತಿದ್ದ ಮುಖ. ಅದರಿಂದ ಈಗ ಅವನಿಗೆ ಒಂದಕ್ಷರವೂ ತಿಳಿಯಲಿಲ್ಲ.

"ನನ್ನದಿದೆ" ಎಂದಳು. ಮತ್ತೊಮ್ಮೆ ಹಾಳೆ ನೋಡಿ, "ನಿಮ್ಮದಿಲ್ಲ" ಎಂದಳು.

ಅವನು ಹೆದರುತ್ತ ಬಂದದ್ದು ಇದಕ್ಕೇ, ಇದೇ ಎರಡು ಮಾತಿಗೆ. ಬಂದು ಎದುರಿಗೆ ನಿಂತ ಮೇಲೆ ಅದು ಅಷ್ಟೇನೂ ದೊಡ್ಡದಾಗಿರಲಿಲ್ಲ. ನೋವಾಯಿತು, ಆದರೆ ನೋಯಬೇಕಾದ ಜಾಗ ಬೇರೆಯಾಗಿಹೋಗಿತ್ತು. "ಒಳ್ಳೇದಾಯ್ತು ಕಣೇ" ಎಂದ. ನಿಜವಾಗಿಯೇ ಹೇಳಿದ್ದು, ಆದರೆ ಇನ್ನು ಮೇಲೆ ತಾನು ನಿಜ ಹೇಳಿದಾಗಲೂ ಅವಳು ಒಂದು ಕ್ಷಣ ಯೋಚಿಸುತ್ತಾಳೆ ಎಂಬುದು ಅವಳು ತಲೆಯಾಡಿಸಲು ಮಾಡಿದ ತಡದಲ್ಲೇ ತಿಳಿಯಿತು. ಅವಳ ಕೈ ಅಭ್ಯಾಸಬಲದಿಂದ ಅವನ ತೋಳಿನತನಕ ಬಂತು, ಒರಗಿದ್ದರಿಂದ ಹತ್ತಿದ್ದ ಸುಣ್ಣವನ್ನು ಎರಡು ಸಲ ಕೊಡವಿತು. ಆಮೇಲೆ ಹಿಂದಕ್ಕೆ ಹೋಯಿತು.

"ಮುಂದಿನ ಸಲ ಮತ್ತೆ ಪರೀಕ್ಷೆ ಕಟ್ಟಿ" ಎಂದಳು, ಮೆಟ್ಟಿಲ ಕಡೆ ತಿರುಗುತ್ತ. "ಓದುವಾಗ ಸಂಶಯ ಬಂದ್ರೆ ನನ್ನ ಕೇಳಿ. ನನಗೆ ಗೊತ್ತಿರೋದನ್ನ ಹೇಳ್ತೀನಿ."